ರಾಡ್ ಹಾಕಿದ್ಮೇಲೂ ಯಾಕಿಷ್ಟು ಜೋಪಾನ?

ಬೆನ್ನುಮೂಳೆ ಪಕ್ಕಕ್ಕೆ ವಾಲೋ ಸ್ಕೋಲಿಯೋಸಿಸ್‌ಗೆ ಆಪರೇಷನ್ ಮಾಡಿಸ್ಕೊಂಡಿರೋ ಕೇಳುಗರೊಬ್ಬರು ಕೇಳಿದಾರೆ: "ರಾಡ್ ಹಾಕಿ ಆಯ್ತಲ್ಲ, ಇನ್ನೂ ತಿಂಗಳುಗಟ್ಟಲೆ ಯಾಕೆ ಜೋಪಾನ?"

ಇದಕ್ಕೆ ಅಮೆರಿಕದ ಹ್ಯೂಸ್ಟನ್ ಊರಿನ ಕಥೆ ಹೇಳ್ಬೇಕು. 1950ರ ದಶಕ. ಪೋಲಿಯೋ ಬಂದ ಎಷ್ಟೋ ಮಕ್ಕಳ ಬೆನ್ನು ಸೊಟ್ಟಗಾಗ್ತಿತ್ತು. ಉಸಿರಾಟವೇ ಕಷ್ಟ ಇದ್ದ ಮಕ್ಕಳಿಗೆ ಮೈತುಂಬ ಪ್ಲಾಸ್ಟರ್ ಹಾಕೋದಾದ್ರೂ ಹೇಗೆ? ಡಾ. ಪಾಲ್ ಹ್ಯಾರಿಂಗ್ಟನ್ ಸ್ಟೇನ್‌ಲೆಸ್ ಸ್ಟೀಲ್ ರಾಡ್ ಮಾಡಿದ್ರು. ಮೇಲೊಂದು ಕೊಕ್ಕೆ, ಕೆಳಗೊಂದು ಕೊಕ್ಕೆ. ರಾಡಿನ ತುದೀಲಿ ಹಲ್ಲುಗಳು. ಕಾರಿಗೆ ಜ್ಯಾಕ್ ಏರಿಸಿದ ಹಾಗೆ ಒಂದೊಂದೇ ಹಲ್ಲು ಸರಿಸಿ ಬೆನ್ನನ್ನ ಎಳೆದು ನೆಟ್ಟಗೆ ಮಾಡೋದು!

ಶುರುವಿನಲ್ಲಿ ಬರೀ ರಾಡ್ ಹಾಕಿದ್ರು. ಕೊಕ್ಕೆ ಕಳಚಿದವು, ರಾಡ್ ಮುರಿದವು. ತಂತೀನ ಹಿಂದೆ ಮುಂದೆ ಬಗ್ಗಿಸ್ತಾ ಇದ್ರೆ ತುಂಡಾಗಲ್ವಾ, ಹಾಗೆ. ಆಮೇಲೆ ಮೂಳೆ ಚೂರು ಇಟ್ಟು, ಬೆನ್ನಿನ ಮೂಳೆಗಳು ಒಂದಕ್ಕೊಂದು ಬೆಸೆಯೋ ಹಾಗೆ ಮಾಡಿದ್ರು. 1962ರಲ್ಲಿ ಅವರ ಲೇಖನ ಬಂತು.

ಈಗ ಕೊಕ್ಕೆ ಬದಲು ಹೆಚ್ಚಾಗಿ ಪೆಡಿಕಲ್ ಸ್ಕ್ರೂ, ಟೈಟಾನಿಯಂ ರಾಡೂ ಇದೆ. ಲೆಕ್ಕ ಮಾತ್ರ ಅದೇ. ನಾನು ಬಿ.ಕಾಂ ಓದಿದವನು, ನನ್ನ ಭಾಷೇಲಿ ರಾಡ್ ಅಂದ್ರೆ ಕೈಸಾಲ, ಬೆಸೆದ ಮೂಳೆ ಸ್ವಂತ ದುಡ್ಡು. ಮೂಳೆ ಬೆಸೆಯೋ ಮೊದಲೇ ಲೋಹ ಸೋತ್ರೆ ಮತ್ತೆ ಆಪರೇಷನ್ ಬೇಕಾಗ್ಬಹುದು. ಅದಕ್ಕೇ ಭಾರ ಎತ್ಬೇಡಿ, ಸೊಂಟ ತಿರುಚ್ಬೇಡಿ ಅನ್ನೋದು. ಸಿಗರೇಟಂತೂ ಬೇಡವೇ ಬೇಡ, ಅದು ಮೂಳೆ ಬೆಸೆಯೋದಕ್ಕೇ ಅಡ್ಡಿ. ಮುಂದಿನ ಎಕ್ಸ್‌ರೇ ದಿನ ಡಾಕ್ಟರ್ ಹತ್ರ ರಾಡ್ ಹೇಗಿದೆ ಅಂತಷ್ಟೇ ಅಲ್ಲ, ಮೂಳೆ ಬೆಸೆದಿದೆಯಾ ಅಂತಲೂ ಕೇಳಿ.