ಗಾಲ್ಫ್ ಆಟದ ಮೊದಲ ಪಾಠ



ಗಾಲ್ಫ್ ಎಂಬ ಹೆಸರನ್ನು ಕೇಳಿದೊಡನೆ ನಮ್ಮ ಜನರ ಮನಸ್ಸಿನಲ್ಲಿ ಒಂದು ಚಿತ್ರವು ಮೂಡುತ್ತದೆ: ವಿಸ್ತಾರವಾದ ಹಸುರು ಬಯಲು, ಬೆಲೆಬಾಳುವ ಉಡುಪನ್ನು ಧರಿಸಿದ ಧನಿಕರು, ಅವರ ಹಿಂದೆ ಕೋಲುಗಳ ಚೀಲವನ್ನು ಹೊತ್ತು ನಡೆಯುವ ಒಬ್ಬ ಹುಡುಗ. ಈ ಚಿತ್ರದಲ್ಲಿ ತನಗೇನಾದರೂ ಸ್ಥಳವಿದ್ದರೆ ಅದು ಚೀಲ ಹೊರುವವನ ಸ್ಥಳವೇ ಎಂದು ಸಾಮಾನ್ಯನು ಮೊದಲೇ ತೀರ್ಮಾನಿಸಿಬಿಡುತ್ತಾನೆ. ಈ ಭಾವನೆಯು ಪೂರ್ತಿಯಾಗಿ ಸುಳ್ಳೆಂದು ಹೇಳಲಾಗದು. ಆದರೆ ಆಟವನ್ನು ಪ್ರಾರಂಭಿಸುವುದಕ್ಕೆ ನಿಜವಾಗಿ ಏನೇನು ಬೇಕೆಂಬುದನ್ನು ವಿಚಾರಿಸಿ ನೋಡಿದರೆ, ಅವುಗಳಲ್ಲಿ ಹಣದಿಂದ ಕೊಳ್ಳತಕ್ಕವು ಬಹಳ ಸ್ವಲ್ಪವೆಂದು ತಿಳಿದುಬರುತ್ತದೆ. ಬೀದರ ಜಿಲ್ಲೆಯ ಭಾಲ್ಕಿ ತಾಲ್ಲೂಕಿನ ಭಾತಂಬ್ರಾದಂಥ ಊರಿನ ಒಬ್ಬ ತರುಣನನ್ನೋ ತರುಣಿಯನ್ನೋ ಮನಸ್ಸಿನಲ್ಲಿಟ್ಟುಕೊಂಡು ಈ ವಿಷಯವನ್ನು ನಿರೂಪಿಸುತ್ತೇನೆ.

ಆಟದ ಸ್ವರೂಪವು ಸರಳವಾದುದು. ನೆಲದ ಮೇಲಿರುವ ಚೆಂಡನ್ನು ಕೋಲಿನಿಂದ ಹೊಡೆಯುತ್ತ ಹೋಗಿ, ಆದಷ್ಟು ಕಡಮೆ ಹೊಡೆತಗಳಲ್ಲಿ ದೂರದ ಒಂದು ಕುಳಿಯೊಳಗೆ ಬೀಳಿಸಬೇಕು. ಇಂಥ 18 ಕುಳಿಗಳನ್ನು ಮುಗಿಸಿದರೆ ಒಂದು ಸುತ್ತು. ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್ ಊರಿನಲ್ಲಿ 1764ರಲ್ಲಿ 22 ಕುಳಿಗಳ ಸುತ್ತನ್ನು 18ಕ್ಕೆ ಇಳಿಸಿದರು. ಆ ಸಂಖ್ಯೆಯೇ ಕ್ರಮೇಣ ಎಲ್ಲೆಡೆ ನಿಂತಿತು. ಚೆಂಡಿನ ತೂಕವು 45.93 ಗ್ರಾಮನ್ನು ಮೀರಕೂಡದು. ಕುಳಿಯ ಅಗಲ 108 ಮಿಲಿಮೀಟರು, ಎಂದರೆ ಒಂದು ಸಣ್ಣ ತಂಬಿಗೆಯ ಬಾಯಿಯಷ್ಟು. ಚಿಣ್ಣಿದಾಂಡು ಆಡಿದ ನಮ್ಮ ಹುಡುಗರಿಗೆ ಕೋಲು ಬೀಸುವುದು ಹೊಸದಲ್ಲ. ಆದರೆ ಚಿಣ್ಣಿದಾಂಡಿನಲ್ಲಿ ದೂರ ಹೊಡೆದವನು ಗೆಲ್ಲುತ್ತಾನೆ. ಇಲ್ಲಿ ಗುರಿಯ ಬಳಿಗೆ ಹೋಗಿ ನಿಂತವನು ಗೆಲ್ಲುತ್ತಾನೆ.

ಇನ್ನು ಸಾಮಗ್ರಿಯ ಮಾತು. ಆಟಗಾರನು 14 ಕೋಲುಗಳಿಗಿಂತ ಹೆಚ್ಚು ಒಯ್ಯಕೂಡದೆಂದು ನಿಯಮವಿದೆ. 14 ಇರಲೇಬೇಕೆಂದು ಯಾವ ನಿಯಮವೂ ಇಲ್ಲ. ಅಂಗಡಿಯವನು ಈ ಎರಡನೆಯ ಮಾತನ್ನು ತಾನಾಗಿ ಹೇಳುವುದಿಲ್ಲ. ಪ್ರಾರಂಭಿಸುವವನಿಗೆ ಎರಡು ಕೋಲುಗಳು ಸಾಕು: ಏಳನೆಯ ನಂಬರಿನ ಕಬ್ಬಿಣದ ಕೋಲೊಂದು, ಚೆಂಡನ್ನು ಕುಳಿಯೊಳಕ್ಕೆ ಉರುಳಿಸುವ ಪಟ್ಟರ್ ಒಂದು. ಇನ್ನೊಬ್ಬರು ಬಳಸಿ ಬಿಟ್ಟ ಕೋಲುಗಳಾದರೂ ಚಿಂತೆಯಿಲ್ಲ. ಅವುಗಳ ಉದ್ದವು ನಮ್ಮ ಎತ್ತರಕ್ಕೆ ಒಪ್ಪಿದರೆ ಆಯಿತು. ಮಕ್ಕಳ ಕೈಗೆ ದೊಡ್ಡವರ ಕೋಲನ್ನು ಕೊಡುವುದು ಮಾತ್ರ ಸರ್ವಥಾ ಸಲ್ಲದು. ಜಾರದ ಯಾವ ಪಾದರಕ್ಷೆಯಾದರೂ ಮೊದಲ ವರ್ಷಕ್ಕೆ ಸಾಕು.

ಅಭ್ಯಾಸವನ್ನು ಕುಳಿಯ ಕಡೆಯಿಂದ ಪ್ರಾರಂಭಿಸಬೇಕೆಂಬುದು ಅನುಭವಿಗಳ ಮತ. ಒಂದು ಸುತ್ತಿನ ಹೊಡೆತಗಳಲ್ಲಿ ಹೆಚ್ಚುಕಡಮೆ ಅರ್ಧದಷ್ಟು ಕುಳಿಯ ಸಮೀಪದಲ್ಲಿಯೇ ಖರ್ಚಾಗುತ್ತವೆ. ಆದುದರಿಂದ ಮನೆಯ ಅಂಗಳದಲ್ಲಿ ಒಂದು ತಂಬಿಗೆಯನ್ನು ಅಡ್ಡವಾಗಿ ಮಲಗಿಸಿ, ಮೂರು ಹೆಜ್ಜೆ ದೂರದಿಂದ ಚೆಂಡನ್ನು ಉರುಳಿಸುತ್ತ ಕಲಿಯಬಹುದು. ತರುವಾಯ ಹತ್ತು ಹೆಜ್ಜೆ. ತರುವಾಯ ಸಣ್ಣ ಹೊಡೆತ. ಕಟ್ಟಕಡೆಗೆ ಪೂರ್ಣವಾದ ಬೀಸು. ಹಿಂಗಾರಿನ ಬಿತ್ತನೆಯಿಲ್ಲದೆ ಬಿಟ್ಟ ಹೊಲದಲ್ಲಿ, ಒಡೆಯನ ಅನುಮತಿ ಪಡೆದು, ರಂಧ್ರಗಳುಳ್ಳ ಹಗುರವಾದ ಪ್ಲಾಸ್ಟಿಕ್ ಚೆಂಡಿನಿಂದ ಈ ಬೀಸನ್ನು ಸಾಧಿಸಬಹುದು. ನಿಜವಾದ ಚೆಂಡು ಕಲ್ಲಿನಂತೆ ಗಟ್ಟಿಯಾದುದು. ಅದು ಮನುಷ್ಯನಿಗಾಗಲಿ ದನಕ್ಕಾಗಲಿ ತಗುಲಿದರೆ ಪ್ರಾಣಾಪಾಯವಾದೀತು. ಜನ ಓಡಾಡುವ ಬಯಲಿನಲ್ಲಿ ಅದನ್ನು ಹೊಡೆಯಲೇಬಾರದು. ಅಲ್ಲದೆ, ಬೇಸಗೆಯಲ್ಲಿ ಬಿರಿದ ನಮ್ಮ ಎರೆಭೂಮಿಯು ಒಮ್ಮೆ ನುಂಗಿದ ಚೆಂಡನ್ನು ಹಿಂದಿರುಗಿಸುವುದಿಲ್ಲ!

ಹೊಸಬನು ಚೆಂಡನ್ನು ಮೇಲಕ್ಕೆ ಎತ್ತಲು ಹವಣಿಸುತ್ತಾನೆ. ಅದರ ಅವಶ್ಯಕತೆಯೇ ಇಲ್ಲ. ಕೋಲಿನ ಮುಖವು ಓರೆಯಾಗಿರುವುದೇ ಅದಕ್ಕಾಗಿ; ಏಳನೆಯ ನಂಬರಿನ ಕೋಲಿನಲ್ಲಿ ಈ ಓರೆಯು ಸುಮಾರು 30 ಡಿಗ್ರಿಯಷ್ಟು. ಚೆಂಡಿನ ಮೇಲೆ ಸರಿಯಾಗಿ ಇಳಿದ ಕೋಲು ತಾನಾಗಿಯೇ ಅದನ್ನು ಏರಿಸುತ್ತದೆ. ಕೋಲನ್ನು ಬಿಗಿಯಾಗಿ ಹಿಸುಕುವುದು, ಬಲವೆಲ್ಲವನ್ನೂ ಒಂದೇ ಹೊಡೆತದಲ್ಲಿ ಸುರಿಯುವುದು, ಇವೂ ಅಂಥವೇ ದೋಷಗಳು. ಇವು ಕೈಯಲ್ಲಿ ನೆಲೆಗೊಂಡ ಮೇಲೆ ಬಿಡಿಸುವುದು ಕಷ್ಟ. ಆದಕಾರಣ ಹತ್ತು ಕೋಲುಗಳಿಗೆ ಕೊಡುವ ಹಣದಲ್ಲಿ ಒಬ್ಬ ತಿಳಿದ ಶಿಕ್ಷಕನಿಂದ ನಾಲ್ಕು ಪಾಠಗಳನ್ನು ಕೇಳುವುದು ಲೇಸು.

ಆದರೆ ಹಣಕ್ಕೆ ಸಿಕ್ಕದ, ಶಿಕ್ಷಕನೂ ಕೊಡಲಾರದ ಒಂದು ಸಾಮಗ್ರಿಯುಂಟು, ಅದು ಸತ್ಯ. ಈ ಆಟದಲ್ಲಿ ಸಾಮಾನ್ಯವಾಗಿ ಪ್ರತಿಯೊಬ್ಬನ ಹಿಂದೆ ತೀರ್ಪುಗಾರನಿರುವುದಿಲ್ಲ. 1925ರಲ್ಲಿ ಅಮೆರಿಕದ ರಾಷ್ಟ್ರೀಯ ಪಂದ್ಯದಲ್ಲಿ ಬಾಬಿ ಜೋನ್ಸನು ಹೊಡೆಯಲು ಅಣಿಯಾಗುತ್ತಿರುವಾಗ ಹುಲ್ಲಿನಲ್ಲಿದ್ದ ಚೆಂಡು ಕೊಂಚ ಅಲುಗಿತು. ಬೇರೆ ಯಾರೂ ಅದನ್ನು ಕಂಡಿರಲಿಲ್ಲ. ಆತನು ತಾನೇ ಹೇಳಿ ತನ್ನ ಲೆಕ್ಕಕ್ಕೆ ಒಂದು ಹೊಡೆತವನ್ನು ಸೇರಿಸಿಕೊಂಡನು. ಆ ಒಂದು ಹೊಡೆತದಿಂದಲೇ ಪಂದ್ಯವು ಸಮವಾಗಿ, ಮರುಪಂದ್ಯದಲ್ಲಿ ವಿಲೀ ಮೆಕ್‌ಫರ್ಲೇನನು ಗೆದ್ದನು. ಅಂಗಳದ ತಂಬಿಗೆಯ ಮುಂದೆ ಲೆಕ್ಕ ತಪ್ಪಿಸದವನು ಮೈದಾನದಲ್ಲಿಯೂ ತಪ್ಪಿಸುವುದಿಲ್ಲ.

ಉಳಿದುದು ಮೈದಾನ. ನಿಜವಾದ ಕೊರತೆ ಇರುವುದು ಇಲ್ಲಿಯೇ. ಬೆಂಗಳೂರಿನ ಗಾಲ್ಫ್ ಕ್ಲಬ್ಬು 1876ರಷ್ಟು ಹಳೆಯದು. ಮೈಸೂರಿನಲ್ಲಿ ಜಯಚಾಮರಾಜೇಂದ್ರ ಒಡೆಯರ ಹೆಸರಿನ ಕ್ಲಬ್ಬಿದೆ. ಭಾಲ್ಕಿಯಲ್ಲಿ ರೈಲು ಹತ್ತಿ ಹೈದರಾಬಾದಿಗೆ ಹೋದರೆ ಗೋಲ್ಕೊಂಡದ ನಯಾ ಕಿಲಾದ ಬಳಿ ಒಂದು ಮೈದಾನವನ್ನು ನೋಡಬಹುದು. ಮೈದಾನವು ಸಮೀಪದಲ್ಲಿದ್ದರೆ ಏನಾಗುತ್ತದೆಂಬುದಕ್ಕೆ ನಿದರ್ಶನಗಳಿವೆ. ಬಿಡದಿಯ ಬಳಿಯ ಹಳ್ಳಿಯ ಹುಡುಗ ಚಿಕ್ಕರಂಗಪ್ಪನವರು ಅಲ್ಲಿಯ ಈಗಲ್‌ಟನ್ ಮೈದಾನದಲ್ಲಿ ಕಲಿತು ವೃತ್ತಿಪರ ಆಟಗಾರರಾದರು. ಬೆಂಗಳೂರಿನ ಅದಿತಿ ಅಶೋಕ್ ಅವರು 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ ನಾಲ್ಕನೆಯ ಸ್ಥಾನವನ್ನು ಪಡೆದರು. ಅಂದು ಅವರ ಚೀಲವನ್ನು ಹೊತ್ತವರು ಅವರ ತಾಯಿ. ಪ್ರತಿಭೆಯು ಊರನ್ನು ನೋಡಿ ಹುಟ್ಟುವುದಿಲ್ಲ. ಬೆಳೆಯಲು ಮಾತ್ರ ಅದಕ್ಕೆ ನೆಲ ಬೇಕು.

ಹಾಗೆಂದು ಬರಗಾಲವನ್ನು ಬಲ್ಲ ಬೀದರ ಸೀಮೆಯಲ್ಲಿ ನೂರಾರು ಎಕರೆಗೆ ನೀರುಣಿಸಿ ಹುಲ್ಲು ಬೆಳೆಸಿರೆಂದು ಕೇಳುವುದು ನ್ಯಾಯವಲ್ಲ. ಕುಡಿಯುವ ನೀರಿನ ಮುಂದೆ ಯಾವ ಆಟವೂ ದೊಡ್ಡದಲ್ಲ. ಭಾತಂಬ್ರಾದ ಹಳೆಯ ಕೋಟೆಯ ಬಯಲನ್ನು ಅಗೆದು ಕುಳಿ ತೋಡುವುದೂ ಯುಕ್ತವಲ್ಲ. ಕೋಟೆಯನ್ನು ಕೆಡಿಸಿದರೆ ಮತ್ತೆ ಕಟ್ಟಲಾಗದು. ಆಸ್ಟ್ರೇಲಿಯದ ಒಣ ಒಳನಾಡಿನಲ್ಲಿ ಕುಳಿಯ ಸುತ್ತಲೂ ಹುಲ್ಲಿನ ಬದಲು ಎಣ್ಣೆ ಬೆರಸಿದ ಮರಳನ್ನು ಹಾಸಿ ಆಡುತ್ತಾರೆ. ಒಂದು ಶಾಲೆಯ ಆಟದ ಬಯಲಿನ ಮೂಲೆಯಲ್ಲಿ ಬರಿಯ ಮರಳು ಹಾಸಿ, ಮೂರು ಕುಳಿಗಳನ್ನು ಮಾಡಿ, ನಾಲ್ಕು ಹಳೆಯ ಕೋಲುಗಳನ್ನು ಎಲ್ಲ ಮಕ್ಕಳಿಗೂ ಸಮಾನವಾಗಿ ದೊರಕಿಸುವುದು ಅಸಾಧ್ಯವಾದ ಕೆಲಸವಲ್ಲ. ಹಾಗೆ ಮಾಡಿದಲ್ಲಿ, ಕಲಿಯುವವನಿಗೆ ಬೇಕಾದ ಮೊದಲನೆಯ ಸಾಮಗ್ರಿಯಾದ ‘ಈ ಆಟ ನನ್ನದೂ ಹೌದು’ ಎಂಬ ಧೈರ್ಯವು ತಾನಾಗಿ ಬರುತ್ತದೆ.