ಅವಳಿಗಳ ನಿದ್ದೆ

ಕಮರಿಪೇಟೆಯಂಥ ಒತ್ತೊತ್ತು ಮನೆಗಳ ಓಣಿಯಲ್ಲಿ ಅವಳಿ ಕೂಸುಗಳು ರಾತ್ರಿ ಅತ್ತರೆ ನೆರೆಮನೆಗೂ ಎಚ್ಚರ. ಹಾಗಾಗಿ ಮಿಸುಕಿದೊಡನೆ ಎತ್ತಿಕೊಳ್ಳುವುದು, ತೊಟ್ಟಿಲು ತೂಗುವುದು ರೂಢಿ. ಆದರೆ ತೂಗಿಸಿಕೊಂಡೇ ಮಲಗಿದ ಕೂಸು ನಡುರಾತ್ರಿಯೂ ಅದನ್ನೇ ಬೇಡುತ್ತದೆ. ಕೂಸು ಎರಡು, ತಾಯಿ ಒಬ್ಬಳೇ ಎಂದಾಗ ಈ ಲೆಕ್ಕ ಕೂಡುವುದಿಲ್ಲ. ಜೋಗುಳ ಬಿಡಬೇಕೆಂದಲ್ಲ. ಪೂರ್ತಿ ನಿದ್ದೆ ಹತ್ತುವ ಮೊದಲೇ ಅದನ್ನು ನಿಲ್ಲಿಸಿ, ಇಬ್ಬರನ್ನೂ ಒಂದೇ ಹೊತ್ತಿಗೆ, ಬೇರೆ ಬೇರೆ ಹಾಸಿಗೆಯಲ್ಲಿ ಅಂಗಾತ ಮಲಗಿಸಬೇಕು.

ಹೀಗೆ ಮಲಗಿಸಿದ ಕೂಸು ಅತ್ತರೆ, ಎತ್ತಿಕೊಳ್ಳದೆ ಅಳಲು ಬಿಡುವುದು ಕ್ರೌರ್ಯವಲ್ಲವೇ ಎಂದು ಅಜ್ಜಿಯರು ಕೇಳುತ್ತಾರೆ. ಮೊದಲ ತಿಂಗಳುಗಳ ಮಟ್ಟಿಗೆ ಅವರ ಮಾತೇ ಸರಿ: ಹಗಲು-ರಾತ್ರಿಯ ಲಯ ಮೂಡಲು ಎರಡು ಮೂರು ತಿಂಗಳು ಬೇಕು, ಹಸಿವೂ ನಿಜ. ಅವಳಿಗಳು ಎಷ್ಟೋ ಸಲ ದಿನ ತುಂಬುವ ಮುನ್ನವೇ ಹುಟ್ಟುವುದರಿಂದ ವಯಸ್ಸನ್ನು ವೈದ್ಯರು ಕೊಟ್ಟ ಹೆರಿಗೆಯ ದಿನದಿಂದಲೇ ಎಣಿಸಬೇಕು. ಆರು ತಿಂಗಳ ಬಳಿಕದ ಮಾತು ಬೇರೆ. ಆಸ್ಟ್ರೇಲಿಯಾದಲ್ಲಿ 326 ಕೂಸುಗಳ ಮೇಲೆ ನಡೆದ ಅಧ್ಯಯನದ ಐದು ವರ್ಷಗಳ ನಂತರದ ಫಲಿತಾಂಶ 2012ರಲ್ಲಿ ಪ್ರಕಟವಾಯಿತು. ತಾವಾಗಿಯೇ ನಿದ್ದೆ ಹೋಗುವುದನ್ನು ಹಂತಹಂತವಾಗಿ ಕಲಿತ ಮಕ್ಕಳ ಮನಸ್ಸಿಗಾಗಲಿ, ತಾಯಿ-ಮಗುವಿನ ನಂಟಿಗಾಗಲಿ ಕುಂದು ಬಂದಿರಲಿಲ್ಲ; ವಿಶೇಷ ಲಾಭವೂ ಉಳಿದಿರಲಿಲ್ಲ, ಅದನ್ನೂ ಹೇಳಲೇಬೇಕು. ಲಾಭವೆಲ್ಲ ಆ ಮೊದಲ ವರ್ಷಗಳದು, ಅದರಲ್ಲೂ ನಿದ್ದೆಗೆಟ್ಟ ತಾಯಿಯದು. ಹಸಿವು, ಜ್ವರ, ಒದ್ದೆ ಬಟ್ಟೆ ಯಾವುದೂ ಇಲ್ಲವೆಂದು ನೋಡಿಕೊಂಡು, ಪಕ್ಕದಲ್ಲೇ ಕೂತು ಕೆಲವು ನಿಮಿಷ ಕಾಯುವುದನ್ನು ಕ್ರೌರ್ಯ ಎನ್ನಲು ನನಗಂತೂ ಕಾರಣ ಕಾಣುವುದಿಲ್ಲ.