ಟರ್ಬೋ ಕಾರಿಗೆ ತಕ್ಕ ಪೆಟ್ರೋಲು



ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ಹಾವೇರಿಯನ್ನು ದಾಟಿ, ಮೋಟೆಬೆನ್ನೂರಿನ ಬಳಿ ಬ್ಯಾಡಗಿಯ ದಾರಿಯನ್ನು ಪಕ್ಕಕ್ಕೆ ಬಿಟ್ಟು, ರಾಣೆಬೆನ್ನೂರಿನ ಕಡೆಗೆ ಸಾಗುವವರಿಗೆ ಪೆಟ್ರೋಲ್ ಬಂಕುಗಳ ಕೊರತೆಯೇನೂ ಇಲ್ಲ, ಆದರೆ ಬಂಕಿನಲ್ಲಿ ಕಾರು ನಿಂತೊಡನೆ “ಸಾದಾ ಹಾಕ್ಲೇನ್ರಿ, ಪವರ್ ಹಾಕ್ಲೇನ್ರಿ?” ಎಂದು ಕೇಳಿಬರುವ ಪ್ರಶ್ನೆಗೆ ಕಾರಣಸಹಿತವಾಗಿ ಉತ್ತರ ಕೊಡಬಲ್ಲವರು ವಿರಳ. ಕೆಲವರು ಅಗ್ಗವಾದುದು ಸಾಕೆಂದು, ಕೆಲವರು ದುಬಾರಿಯಾದುದು ಒಳ್ಳೆಯದೇ ಇದ್ದೀತೆಂದು, ಉಳಿದವರು ಹಿಂದಿನ ಸಲ ಹಾಕಿಸಿದ್ದನ್ನೇ ಹಾಕಿಸಿದರಾಯಿತೆಂದು ತೀರ್ಮಾನಿಸುತ್ತಾರೆ. ಹಳೆಯ ಸಾಧಾರಣ ಎಂಜಿನ್ನುಗಳ ಕಾಲದಲ್ಲಿ ಈ ಅನಾದರದಿಂದ ಹೇಳಿಕೊಳ್ಳುವಂತಹ ಹಾನಿ ಸಂಭವಿಸುತ್ತಿರಲಿಲ್ಲ. ಈಗಿನ ಸ್ಥಿತಿ ಬೇರೆ. ನೆಕ್ಸಾನ್, ವೆನ್ಯೂ, ಫ್ರಾಂಕ್ಸ್ ಮೊದಲಾದ ಮಧ್ಯಮ ವರ್ಗದ ಕಾರುಗಳಲ್ಲಿಯೂ ಟರ್ಬೋ ಪೆಟ್ರೋಲ್ ಎಂಜಿನ್ ದೊರೆಯುತ್ತಿರುವುದರಿಂದ, ವರ್ತಕರು, ಶಿಕ್ಷಕರು, ಒಕ್ಕಲುತನದವರು ಎಲ್ಲರೂ ಈ ಪ್ರಶ್ನೆಯನ್ನು ಎದುರಿಸಬೇಕಾಗಿದೆ. ಆದಕಾರಣ ಇಂದಿನ ಭಾಷಣದಲ್ಲಿ ಟರ್ಬೋ ಕಾರಿಗೆ ಎಂತಹ ಪೆಟ್ರೋಲು ಯುಕ್ತ, ಏಕೆ ಯುಕ್ತ ಎಂಬುದನ್ನು ವಿಚಾರಿಸೋಣ.

ಮೊದಲು ಎಂಜಿನ್ನಿನ ಒಳಗಣ ವ್ಯಾಪಾರವನ್ನು ಸ್ಥೂಲವಾಗಿ ತಿಳಿಯಬೇಕು. ಸಿಲಿಂಡರಿನೊಳಕ್ಕೆ ಗಾಳಿಯೂ ಪೆಟ್ರೋಲೂ ಪ್ರವೇಶಿಸುತ್ತವೆ. ಪಿಸ್ಟನ್ ಮೇಲೇರಿ ಈ ಮಿಶ್ರಣವನ್ನು ಅದರ ಮೂಲ ಗಾತ್ರದ ಸುಮಾರು ಹತ್ತನೆಯ ಒಂದು ಭಾಗಕ್ಕೆ ಒತ್ತುತ್ತದೆ. ಒತ್ತಿದ ಗಾಳಿ ಬಿಸಿಯಾಗುವುದು ಪ್ರಕೃತಿನಿಯಮ, ಸೈಕಲ್ಲಿನ ಚಕ್ರಕ್ಕೆ ಗಾಳಿ ಹೊಡೆದು ಪಂಪಿನ ಬುಡವನ್ನು ಮುಟ್ಟಿದವರಿಗೆಲ್ಲ ಇದು ಅನುಭವವೇದ್ಯ. ಹೀಗೆ ಒತ್ತಡದಲ್ಲಿಯೂ ಶಾಖದಲ್ಲಿಯೂ ಇರುವ ಮಿಶ್ರಣಕ್ಕೆ ನಿಯತ ಕ್ಷಣದಲ್ಲಿ ಸ್ಪಾರ್ಕ್ ಪ್ಲಗ್ಗು ಕಿಡಿ ತಾಕಿಸಿದಾಗ, ಜ್ವಾಲೆಯು ಪ್ಲಗ್ಗಿನ ಬಳಿಯಿಂದ ಹೊರಟು ಅಂಚಿನವರೆಗೆ ಕ್ರಮವಾಗಿ ಹಬ್ಬಿ, ಪಿಸ್ಟನ್ನನ್ನು ಸಮನಾಗಿ ಕೆಳಕ್ಕೆ ದೂಡುತ್ತದೆ. ಇದು ಸುಸ್ಥಿತಿ. ಆದರೆ ಜ್ವಾಲೆ ಇನ್ನೂ ತಲುಪದಿರುವ ಮೂಲೆಯ ಮಿಶ್ರಣವು ಏರುತ್ತಿರುವ ಒತ್ತಡವನ್ನೂ ಶಾಖವನ್ನೂ ತಾಳಲಾರದೆ ತಾನೇ ತಾನಾಗಿ ಏಕಕಾಲಕ್ಕೆ ಹತ್ತಿಕೊಂಡರೆ, ಕ್ರಮವಾದ ದಹನದ ಬದಲು ಸ್ಫೋಟವುಂಟಾಗಿ, ಅದರ ಒತ್ತಡದ ಅಲೆಗಳು ಸಿಲಿಂಡರಿನ ಗೋಡೆಗೆ ಬಡಿದು, ಲೋಹದ ಮೇಲೆ ಸಣ್ಣ ಸುತ್ತಿಗೆಯಿಂದ ಕುಟ್ಟಿದಂತಹ ಕಟಕಟ ಸದ್ದು ಹೊರಡುತ್ತದೆ. ನಮ್ಮ ಮೆಕ್ಯಾನಿಕ್ಕುಗಳು ಇದನ್ನು ‘ನಾಕಿಂಗ್’ ಎನ್ನುತ್ತಾರೆ. ಇದು ಬಹುಕಾಲ ಮುಂದುವರಿದಲ್ಲಿ ಪಿಸ್ಟನ್ನಿನ ತಲೆ ಸವೆಯುವುದು, ರಿಂಗು ಕುಳಿತುಕೊಳ್ಳುವ ಅಂಚು ಒಡೆಯುವುದು, ಹೆಡ್ ಗ್ಯಾಸ್ಕೆಟ್ ಕೆಡುವುದು, ಎಲ್ಲವೂ ಸಾಧ್ಯ.

ಪೆಟ್ರೋಲು ಈ ಅಕಾಲದಹನವನ್ನು ಎಷ್ಟರಮಟ್ಟಿಗೆ ತಡೆಯಬಲ್ಲದೆಂಬುದರ ಅಳತೆಯೇ ಆಕ್ಟೇನ್ ಸಂಖ್ಯೆ. ಈ ಮಾಪನಕ್ರಮವನ್ನು 1926ರಲ್ಲಿ ಅಮೆರಿಕದ ರಸಾಯನಶಾಸ್ತ್ರಜ್ಞ ಗ್ರಹಾಂ ಎಡ್ಗರ್ ರೂಪಿಸಿದನು. ಐಸೋ-ಆಕ್ಟೇನ್ ಎಂಬ ದ್ರವ ಸುಲಭವಾಗಿ ನಾಕಿಂಗಿಗೆ ಒಳಗಾಗದು. ಅದಕ್ಕೆ 100 ಅಂಕ. ಹೆಪ್ಟೇನ್ ಎಂಬುದು ಬಹು ಬೇಗ ಒಳಗಾಗುತ್ತದೆ, ಅದಕ್ಕೆ ಸೊನ್ನೆ. ಕುತೂಹಲದ ಸಂಗತಿಯೆಂದರೆ, ಆಗ ಬೇಕಾಗಿದ್ದ ಶುದ್ಧ ಹೆಪ್ಟೇನನ್ನು ಕ್ಯಾಲಿಫೋರ್ನಿಯದ ಕಡೆ ಬೆಳೆಯುವ ಜೆಫ್ರಿ ಪೈನ್ ಎಂಬ ಮರದ ರಾಳದಿಂದ ಪಡೆಯುತ್ತಿದ್ದರು. ಒಂದು ಪೆಟ್ರೋಲಿಗೆ 91 ಆಕ್ಟೇನ್ ಎಂದರೆ, 91 ಪಾಲು ಐಸೋ-ಆಕ್ಟೇನಿಗೆ 9 ಪಾಲು ಹೆಪ್ಟೇನ್ ಬೆರೆಸಿದ ದ್ರವವು ನಾಕಿಂಗನ್ನು ಎಷ್ಟು ತಡೆಯುವುದೋ ಅಷ್ಟನ್ನೇ ಅದೂ ತಡೆಯುತ್ತದೆ ಎಂದರ್ಥ. ಒತ್ತುವ ಪ್ರಮಾಣವನ್ನು ಬೇಕೆಂದಂತೆ ಏರಿಸಿ ಇಳಿಸಲು ಬರುವ ಒಂಟಿ ಸಿಲಿಂಡರಿನ ಪರೀಕ್ಷಾ ಎಂಜಿನ್ನನ್ನು ನಿಮಿಷಕ್ಕೆ 600 ಸುತ್ತಿನಂತೆ ಓಡಿಸಿ ಈ ಅಂಕವನ್ನು ನಿರ್ಣಯಿಸುತ್ತಾರೆ. ಇದಕ್ಕೆ ರಿಸರ್ಚ್ ಆಕ್ಟೇನ್, ಸಂಕ್ಷೇಪವಾಗಿ ‘ರಾನ್’ ಎಂದು ಹೆಸರು. ಭಾರತದಲ್ಲಿ ಬಳಕೆಯಲ್ಲಿರುವುದು ಇದೇ. ಅಮೆರಿಕದ ಬಂಕುಗಳಲ್ಲಿ ಇದರ ಜೊತೆಗೆ ಇನ್ನೊಂದು ಕಠಿನತರ ಪರೀಕ್ಷೆಯ ಅಂಕವನ್ನೂ ಸೇರಿಸಿ ಸರಾಸರಿಯನ್ನು ಬರೆಯುವುದರಿಂದ, ಅಲ್ಲಿಯ 87 ಹೆಚ್ಚು ಕಡಿಮೆ ನಮ್ಮ 91ಕ್ಕೆ ಸಮ, ಅಲ್ಲಿಯ 91 ನಮ್ಮ 95ಕ್ಕೆ ಹತ್ತಿರ. ಪರದೇಶದಲ್ಲಿರುವ ಬಂಧುಗಳ ಸಲಹೆಯನ್ನು ಕೇಳುವವರು ಈ ಅಂತರವನ್ನು ಮರೆಯಬಾರದು.

ಇನ್ನು ಟರ್ಬೋ. ಸಿಲಿಂಡರಿನಿಂದ ಹೊರಬೀಳುವ ಬಿಸಿಹೊಗೆಯ ವೇಗವನ್ನು ವ್ಯರ್ಥವಾಗಲು ಬಿಡದೆ, ಅದರಿಂದ ಒಂದು ಚಕ್ರವನ್ನು ತಿರುಗಿಸಿ, ಅದೇ ದಂಡಕ್ಕೆ ಜೋಡಿಸಿದ ಇನ್ನೊಂದು ಚಕ್ರದಿಂದ ಹೊರಗಿನ ಗಾಳಿಯನ್ನು ಎಂಜಿನ್ನಿನೊಳಕ್ಕೆ ಒತ್ತಿ ತುಂಬುವ ಈ ಉಪಾಯಕ್ಕೆ ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ ಎಂಬ ಇಂಜಿನಿಯರನು 1905ರಲ್ಲಿಯೇ ಪೇಟೆಂಟ್ ಪಡೆದಿದ್ದನು. ಅಂಗೈಯಲ್ಲಿ ಹಿಡಿಯಬಹುದಾದ ಈ ಚಕ್ರಗಳು ನಿಮಿಷಕ್ಕೆ ಒಂದು ಲಕ್ಷಕ್ಕೂ ಮೀರಿ ಸುತ್ತುತ್ತವೆ. ಹೆಚ್ಚು ಗಾಳಿ ತುಂಬಿದರೆ ಹೆಚ್ಚು ಪೆಟ್ರೋಲು ಉರಿಯಬಲ್ಲುದು. ತನ್ಮೂಲಕ ಒಂದು ಲೀಟರಿನ ಮೂರು ಸಿಲಿಂಡರಿನ ಪುಟ್ಟ ಎಂಜಿನ್ನು ಒಂದೂವರೆ ಲೀಟರಿನ ಎಂಜಿನ್ನಿನ ಕೆಲಸವನ್ನು ಮಾಡಿಕೊಡುತ್ತದೆ. ಲಾಭ ಸ್ಪಷ್ಟ, ಅದರ ಬೆಲೆಯೂ ಸ್ಪಷ್ಟ. ಮೊದಲೇ ಒತ್ತಿ ತಂದ ಗಾಳಿಯನ್ನು ಪಿಸ್ಟನ್ ಮತ್ತೆ ಒತ್ತುವುದರಿಂದ ಶಾಖವೂ ಒತ್ತಡವೂ ಇನ್ನಷ್ಟು ಏರಿ, ನಾಕಿಂಗಿನ ಸಂಭವ ಹೆಚ್ಚುತ್ತದೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ಆವಕ ಜೋರಾಗಿರುವ ಬೇಸಗೆಯ ದಿನಗಳಲ್ಲಿ, ನೆತ್ತಿ ಸುಡುವ ಬಿಸಿಲಿನಲ್ಲಿ, ಐದು ಜನರನ್ನೂ ಸಾಮಾನನ್ನೂ ಹೇರಿಕೊಂಡು ಎ.ಸಿ. ಹಾಕಿ ಓಡಿಸುವ ಕಾರಿಗೆ ಈ ಕಷ್ಟ ಇನ್ನಷ್ಟು. ಸಮುದ್ರಮಟ್ಟಕ್ಕಿಂತ ಎತ್ತರದಲ್ಲಿ ಗಾಳಿ ತೆಳುವಾಗಿರುವ ಕಾರಣ ಸಾಧಾರಣ ಎಂಜಿನ್ನಿಗೆ ಆಕ್ಟೇನಿನ ಅವಶ್ಯಕತೆ ತುಸು ಇಳಿಯುತ್ತದೆ. ಆದರೆ ಟರ್ಬೋ ಆ ಕೊರತೆಯನ್ನು ತಾನೇ ತುಂಬಿಕೊಳ್ಳುವುದರಿಂದ, ನಮ್ಮ ಬಯಲುಸೀಮೆಯ ಎತ್ತರದಿಂದ ಅದಕ್ಕೆ ದೊರೆಯುವ ರಿಯಾಯಿತಿ ಅತ್ಯಲ್ಪ.

ಇಂದಿನ ಕಾರುಗಳಲ್ಲಿ ಇದಕ್ಕೊಂದು ರಕ್ಷಣೆಯುಂಟು. ಎಂಜಿನ್ ಬ್ಲಾಕಿಗೆ ಬಿಗಿದಿರುವ ನಾಕ್ ಸೆನ್ಸರ್ ಎಂಬ ಸಣ್ಣ ಸಾಧನವು ಕಟಕಟ ಕಂಪನವನ್ನು ನಮ್ಮ ಕಿವಿಗೆ ಬೀಳುವ ಮೊದಲೇ ಗ್ರಹಿಸಿ ಕಂಪ್ಯೂಟರಿಗೆ ತಿಳಿಸುತ್ತದೆ. ಕಂಪ್ಯೂಟರು ಕಿಡಿಯ ಕ್ಷಣವನ್ನು ತುಸು ತಡಮಾಡಿ, ಅಗತ್ಯಬಿದ್ದರೆ ಟರ್ಬೋದ ಒತ್ತಡವನ್ನೂ ಇಳಿಸಿ, ಎಂಜಿನ್ನನ್ನು ಕಾಪಾಡುತ್ತದೆ. ಆದುದರಿಂದ ಒಮ್ಮೆ ಕಡಿಮೆ ಆಕ್ಟೇನಿನ ಪೆಟ್ರೋಲು ಬಿದ್ದ ಮಾತ್ರಕ್ಕೆ ಗಾಬರಿಯಾಗಬೇಕಿಲ್ಲ. ಆದರೆ ಆಗ ಎಳೆತ ಕುಗ್ಗುತ್ತದೆ, ಮೈಲೇಜು ಬೀಳುತ್ತದೆ, ಹೊರಹೋಗುವ ಹೊಗೆಯ ಶಾಖ ಏರಿ ಟರ್ಬೋದ ಮೇಲೆ ಭಾರ ಬೀಳುತ್ತದೆ. ಸದ್ದು ಕೇಳಿಸಲಿಲ್ಲವೆಂದು ನಷ್ಟವಾಗಿಲ್ಲವೆನ್ನುವಂತಿಲ್ಲ.

ನಮ್ಮ ಬಂಕುಗಳಲ್ಲಿ ದೊರೆಯುವುದು ಏನು? ಬಹುಕಾಲ ಭಾರತದ ಸಾದಾ ಪೆಟ್ರೋಲಿನ ಕನಿಷ್ಠ ಆಕ್ಟೇನ್ 91 ಆಗಿತ್ತು. ಹಿಂದೆ ಆಕ್ಟೇನ್ ಹೆಚ್ಚಿಸಲು ಸೀಸದ ಸಂಯುಕ್ತವನ್ನು ಬೆರೆಸುತ್ತಿದ್ದರು. ಅದು ಮಕ್ಕಳ ಮೆದುಳಿಗೂ ನರಗಳಿಗೂ ವಿಷವಾದ ಕಾರಣ 2000ನೆಯ ಇಸವಿಯಲ್ಲಿ ದೇಶಾದ್ಯಂತ ನಿಷಿದ್ಧವಾಯಿತು. ಈಗ ಆ ಸ್ಥಾನಕ್ಕೆ ಬಂದಿರುವುದರಲ್ಲಿ ಮುಖ್ಯವಾದುದು ಎಥನಾಲ್. 2023ರ ಫೆಬ್ರುವರಿ 6ರಂದು ಪ್ರಧಾನಮಂತ್ರಿಗಳು ನಮ್ಮ ಬೆಂಗಳೂರಿನಲ್ಲಿಯೇ ‘ಇ20’, ಅಂದರೆ ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆತ ಪೆಟ್ರೋಲಿನ ಮಾರಾಟಕ್ಕೆ ಚಾಲನೆ ಕೊಟ್ಟರು. 2025ರ ಹೊತ್ತಿಗೆ ಅದು ದೇಶದ ಸಾದಾ ಪೆಟ್ರೋಲೇ ಆಗಿಹೋಯಿತು. ಎಥನಾಲಿನ ಆಕ್ಟೇನ್ 100ಕ್ಕೂ ಮೀರಿದ್ದು. ಇ20ಗೆ ಭಾರತೀಯ ಮಾನಕ ಬ್ಯೂರೋ ವಿಧಿಸಿರುವ ಕನಿಷ್ಠ ಆಕ್ಟೇನ್ 95. ಈ ಎಥನಾಲ್ ಹುಟ್ಟುವುದು ಕಬ್ಬಿನಿಂದ, ಧಾನ್ಯದಿಂದ, ಈಚೆಗೆ ಹೆಚ್ಚಾಗಿ ಗೋವಿನಜೋಳದಿಂದ. ರಾಣೆಬೆನ್ನೂರು, ಹಾವೇರಿಗಳ ಮಳೆಯಾಶ್ರಿತ ಹೊಲಗಳಲ್ಲಿ ಹಳದಿ ತೆನೆಯಾಗಿ ನಿಲ್ಲುವ ಬೆಳೆಯೇ ಕಾರಿನ ಎಂಜಿನ್ನಿನಲ್ಲಿ ನಾಕಿಂಗನ್ನು ತಡೆಯುವ ದ್ರವ್ಯದ ಮೂಲವೂ ಆಗಿದೆ ಎಂಬುದು ನಮ್ಮ ಸೀಮೆಯವರು ಅರಿತಿರಬೇಕಾದ ಮಾತು. ಎಥನಾಲ್ ಆವಿಯಾಗುವಾಗ ಸಾಧಾರಣ ಪೆಟ್ರೋಲಿಗಿಂತ ಬಹಳ ಹೆಚ್ಚು ಶಾಖವನ್ನು ಹೀರಿಕೊಂಡು ಸಿಲಿಂಡರನ್ನು ತಂಪಾಗಿಸುತ್ತದೆ. ಟರ್ಬೋ ಎಂಜಿನ್ನಿಗೆ ಇದು ಅನುಕೂಲವೇ. ಆದರೆ ಲೀಟರಿಗೆ ಲೀಟರು ಹೋಲಿಸಿದರೆ ಅದರಲ್ಲಿರುವ ಶಕ್ತಿ ಪೆಟ್ರೋಲಿನ ಮೂರನೆಯ ಎರಡು ಪಾಲು ಮಾತ್ರವಾದುದರಿಂದ ಮೈಲೇಜಿನಲ್ಲಿ ತುಸು ಇಳಿಕೆ ಅನಿವಾರ್ಯ.

ಇಲ್ಲಿಯೇ ಜನಸಾಮಾನ್ಯರಲ್ಲಿ ಬೇರೂರಿರುವ ಭ್ರಮೆಯೊಂದನ್ನು ನಿವಾರಿಸಬೇಕು. ಆಕ್ಟೇನ್ ಹೆಚ್ಚಿದಷ್ಟೂ ಪೆಟ್ರೋಲಿನ ಕಸುವು ಹೆಚ್ಚು ಎಂದು ಬಹುಮಂದಿ ನಂಬಿದ್ದಾರೆ. ಬ್ಯಾಡಗಿಯ ಪೇಟೆಯಲ್ಲಿ ವ್ಯವಹರಿಸುವವರಿಗೆ ಇದರ ತಪ್ಪು ಸುಲಭವಾಗಿ ಗೋಚರಿಸೀತು. ಏಕೆಂದರೆ ಮೆಣಸಿನಕಾಯಿಯ ಬಣ್ಣವೇ ಬೇರೆ, ಖಾರವೇ ಬೇರೆ ಎಂಬುದನ್ನು ಅವರಿಗೆ ಯಾರೂ ಕಲಿಸಬೇಕಾಗಿಲ್ಲ, ಸುಕ್ಕುಗಟ್ಟಿದ ಬ್ಯಾಡಗಿಯ ಕಾಯಿಗೆ ಬೆಲೆ ಬರುವುದು ಕಡುಗೆಂಪು ಬಣ್ಣಕ್ಕೆ ಹೊರತು ಖಾರಕ್ಕಲ್ಲ. ಹಾಗೆಯೇ ಪೆಟ್ರೋಲಿನಲ್ಲಿ ಅಡಗಿರುವ ಶಕ್ತಿಯೇ ಬೇರೆ, ಅಕಾಲದಲ್ಲಿ ಹತ್ತಿಕೊಳ್ಳದಿರುವ ಗುಣವೇ ಬೇರೆ. ಎಂಜಿನ್ನು ಕೇಳದಿರುವ ಗುಣಕ್ಕೆ ತೆತ್ತ ಹಣ ವ್ಯರ್ಥ. ಇಂಡಿಯನ್ ಆಯಿಲ್ ಕಂಪನಿಯ ಎಕ್ಸ್‌ಪಿ95, ಎಕ್ಸ್‌ಪಿ100 ಮುಂತಾದವುಗಳ ಹೆಸರಿನಲ್ಲಿಯೇ ಅಂಕ ಕಾಣುತ್ತದೆ. ಎಂಜಿನ್ನನ್ನು ಶುಚಿಯಾಗಿಡುವ ದ್ರವ್ಯಗಳನ್ನಷ್ಟೇ ಬೆರೆಸಿ ಬೇರೆ ಹೆಸರಿನಿಂದ ಮಾರುವ ಪೆಟ್ರೋಲೂ ಇರುವುದರಿಂದ, ಹೆಸರಿಗೆ ಮಾರುಹೋಗದೆ ಅಂಕವನ್ನು ವಿಚಾರಿಸುವುದು ಜಾಣತನ.

ಹಾಗಾದರೆ ಮಾಡತಕ್ಕದ್ದೇನು? ಇಂಧನದ ಮುಚ್ಚಳವನ್ನು ತೆರೆದು ಅದರ ಒಳಮೈಯನ್ನು ನೋಡಬೇಕು. ಅಲ್ಲಿ ಅಂಟಿಸಿರುವ ಚೀಟಿಯಲ್ಲಿ ಅಥವಾ ಕಾರಿನೊಡನೆ ಕೊಟ್ಟ ಕೈಪಿಡಿಯಲ್ಲಿ ಎರಡು ಸಂಗತಿಗಳು ದೊರೆಯುತ್ತವೆ: ಬೇಕಾದ ಕನಿಷ್ಠ ಆಕ್ಟೇನ್, ಸಹಿಸಬಲ್ಲ ಎಥನಾಲಿನ ಪ್ರಮಾಣ. 91 ಎಂದು ಬರೆದಿದ್ದಲ್ಲಿ ಸಾದಾ ಪೆಟ್ರೋಲು ಧಾರಾಳವಾಗಿ ಸಾಕು. 95 ಎಂದಿದ್ದಲ್ಲಿ, ಕಾರು ಇ20ಗೆ ಒಪ್ಪಿದುದಾದರೆ, ಇಂದಿನ ಸಾದಾ ಪೆಟ್ರೋಲೇ ಆ ಮಟ್ಟವನ್ನು ಮುಟ್ಟುತ್ತದೆ. ‘ಕಡ್ಡಾಯ’ ಎಂಬುದಕ್ಕೂ ‘ಉತ್ತಮ’ ಎಂಬುದಕ್ಕೂ ಕೈಪಿಡಿ ಭೇದ ಮಾಡಿದ್ದರೆ ಆ ಭೇದವನ್ನು ಗೌರವಿಸಬೇಕು. 100 ಆಕ್ಟೇನಿನ ಪೆಟ್ರೋಲು ಬೇಕಾಗುವುದು ವಿಶೇಷ ಕ್ರೀಡಾಕಾರುಗಳಿಗೆ. ಸಾದಾ ಪೆಟ್ರೋಲಿಗಿಂತ ಬಹಳ ಹೆಚ್ಚು ಬೆಲೆ ತೆತ್ತು ಅದನ್ನು ಮನೆಯ ಕಾರಿಗೆ ತುಂಬಿಸುವುದರಿಂದ ದೊರೆಯುವ ಪ್ರಯೋಜನ ಅತ್ಯಲ್ಪ. 2023ರ ಏಪ್ರಿಲಿಗಿಂತ ಹಿಂದೆ ತಯಾರಾದ ಕಾರುಳ್ಳವರು ಎಥನಾಲಿನ ವಿಷಯವನ್ನು ವಿಶೇಷವಾಗಿ ಪರಿಶೀಲಿಸಿ, ಸಂದೇಹವಿದ್ದರೆ ಸರ್ವಿಸ್ ಕೇಂದ್ರದಲ್ಲಿ ಕೇಳಿ, ರಬ್ಬರಿನ ಕೊಳವೆಗಳನ್ನೂ ಸೀಲುಗಳನ್ನೂ ಕಾಲಕಾಲಕ್ಕೆ ನೋಡಿಸುತ್ತಿರಬೇಕು. ದುಬಾರಿ ಪೆಟ್ರೋಲೆಂದ ಮಾತ್ರಕ್ಕೆ ಅದರಲ್ಲಿ ಎಥನಾಲ್ ಇಲ್ಲವೆಂದು ಭಾವಿಸಲಾಗದು. ಎಥನಾಲ್ ನೀರನ್ನು ಹೀರುವ ಗುಣವುಳ್ಳದ್ದಾದ್ದರಿಂದ, ವಾರಗಟ್ಟಲೆ ನಿಲ್ಲಿಸುವ ಕಾರಿನ ಟ್ಯಾಂಕನ್ನು ಬರಿದಾಗಿ ಬಿಡುವುದು ಸಲ್ಲದು.

ಓಡಿಸುವ ರೀತಿಯೂ ಇಲ್ಲಿ ಮುಖ್ಯ. ಹಾವೇರಿಯಿಂದ ಶಿರಸಿಯ ಮೇಲೆ ಕುಮಟೆಗೆ ಹೋಗಿ, ಮರಳುವಾಗ ದೇವಿಮನೆ ಘಟ್ಟವನ್ನು ಹತ್ತುವವರು ಗೇರು ಇಳಿಸದೆ, ಎಂಜಿನ್ನು ನಿಧಾನವಾಗಿ ಸುತ್ತುತ್ತಿರುವಾಗಲೇ ಆಕ್ಸಿಲರೇಟರನ್ನು ಪೂರ್ತಿ ಒತ್ತಿದರೆ, ಎಂತಹ ಪೆಟ್ರೋಲು ಹಾಕಿದ್ದರೂ ಟರ್ಬೋ ಎಂಜಿನ್ನಿಗೆ ಆಘಾತ ತಪ್ಪದು. ಅಂತಹ ಸ್ಥಿತಿಯಲ್ಲಿ ಕಿಡಿ ಹಾರುವ ಮೊದಲೇ ಮಿಶ್ರಣ ಹತ್ತಿಕೊಳ್ಳುವ ಇನ್ನೊಂದು ಅಪಾಯವುಂಟು, ಅದನ್ನು ಆಕ್ಟೇನ್ ಒಂದೇ ತಡೆಯಲಾರದು. ಕಾಲಕ್ಕೆ ಸರಿಯಾಗಿ ಗೇರು ಇಳಿಸುವುದು, ಕೈಪಿಡಿ ಹೇಳಿದ ದರ್ಜೆಯ ಎಂಜಿನ್ ಆಯಿಲನ್ನೇ ಹಾಕಿಸುವುದು, ಇವೇ ಅದಕ್ಕೆ ಪರಿಹಾರ. ಡೀಸೆಲ್ ವಾಹನಗಳಲ್ಲಿಯೂ ಟರ್ಬೋ ಇರುತ್ತದೆಯಾದರೂ ಅಲ್ಲಿ ಈ ಚರ್ಚೆ ಅನ್ವಯಿಸದು. ಡೀಸೆಲ್ಲು ಒತ್ತಡದಿಂದಲೇ ಹತ್ತಿಕೊಳ್ಳಬೇಕಾದ ಇಂಧನ, ಅದು ಬೇಗ ಹತ್ತಿಕೊಳ್ಳುವ ಗುಣವನ್ನು ಸೀಟೇನ್ ಸಂಖ್ಯೆಯಿಂದ ಅಳೆಯುತ್ತಾರೆ, ನಮ್ಮಲ್ಲಿ ಅದರ ಕನಿಷ್ಠ ಮಟ್ಟ 51.

ಶ್ರೋತೃಗಳೆ, ಎಂಜಿನ್ನನ್ನು ನಿರ್ಮಿಸಿದವರು ಅದನ್ನು ಪರೀಕ್ಷಿಸಿಯೇ ಆ ಅಂಕವನ್ನು ಬರೆದಿದ್ದಾರೆ. ಅದಕ್ಕಿಂತ ಕಡಿಮೆಯದು ಎಂಜಿನ್ನಿಗೆ ಹಾನಿ, ಬಹಳ ಹೆಚ್ಚಿನದು ಕಿಸೆಗೆ ಹಾನಿ. ಮುಂದಿನ ಸಲ ಬಂಕಿನಲ್ಲಿ ನಿಂತಾಗ ಬೆಲೆಯ ಫಲಕವನ್ನು ನೋಡುವ ಮೊದಲು ನಿಮ್ಮ ಕಾರಿನ ಇಂಧನದ ಮುಚ್ಚಳವನ್ನು ಒಮ್ಮೆ ತೆರೆದು ಓದಿರಿ. ಅಲ್ಲಿ ಬರೆದಿರುವುದನ್ನೇ ಹಾಕಿಸಿರಿ.